ಗ್ಯಾರೇಜ್ ಮೂಲೆ: ಇಂಡಿಕೇಟರ್‌ಗೆ ಎಲ್‌ಇಡಿ ಬಲ್ಬ್ ಹಾಕೋಣವೇ?



ಊರಿನಲ್ಲಿ ಇಂಡಿಕೇಟರ್ ಅಂತಾರೆ, ಇಲ್ಲಿ ನಾವು ಟರ್ನ್ ಸಿಗ್ನಲ್ ಅಂತೀವಿ. ಹೆಸರು ಯಾವುದಾದರೂ ಕೆಲಸ ಒಂದೇ: ಕಾರು ಯಾವ ಕಡೆ ತಿರುಗುತ್ತದೆ ಎಂದು ಸುತ್ತಲಿನವರಿಗೆ ಮೊದಲೇ ಹೇಳುವುದು. ನಮ್ಮ ಇಲಿನಾಯ್ ಕಾನೂನಿನ ಪ್ರಕಾರ ಮನೆ, ಅಂಗಡಿಗಳಿರುವ ಕಡೆ ಕನಿಷ್ಠ 100 ಅಡಿ ಮೊದಲು, ಬೇರೆ ಕಡೆ 200 ಅಡಿ ಮೊದಲು ಸಿಗ್ನಲ್ ಹಾಕಬೇಕು.

ರಾತ್ರಿ ಬೌಟನ್ ರೋಡಿನಲ್ಲಿ ಹೋಗುವಾಗ ಗಮನಿಸಿ. ಒಮ್ಮೊಮ್ಮೆ ಯಾವುದೋ ಹಳೆಯ ಕಾರಿನ ಸಿಗ್ನಲ್ ಟಕಟಕಟಕ ಎಂದು ಎರಡರಷ್ಟು ವೇಗದಲ್ಲಿ ಮಿಟುಕುತ್ತಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ: ಒಂದು ಬಲ್ಬ್ ಸುಟ್ಟಿದೆ, ಇಲ್ಲವೇ ಯಾರೋ ಮನೆಯಲ್ಲೇ ಎಲ್‌ಇಡಿ ಹಾಕಿದ್ದಾರೆ. ಎರಡಕ್ಕೂ ಲಕ್ಷಣ ಒಂದೇ ಏಕೆ? ಅದೇ ಈ ತಿಂಗಳ ವಿಷಯ.

ಕಾರು ಲೆಕ್ಕ ಹಾಕುವುದು ಹೇಗೆ?

ಹಳೆಯ ತಂತಿ ಬಲ್ಬ್ ಸುಮಾರು 21ರಿಂದ 27 ವ್ಯಾಟ್ ಎಳೆಯುತ್ತದೆ. ಎಲ್‌ಇಡಿಗೆ ಕೆಲವೇ ವ್ಯಾಟ್ ಸಾಕು. ಕಾರಿಗೆ ಕಣ್ಣಿಲ್ಲ, ಎಷ್ಟು ಕರೆಂಟ್ ಹರಿಯಿತು ಎನ್ನುವುದಷ್ಟೇ ಅದಕ್ಕೆ ಗೊತ್ತು. ಕರೆಂಟ್ ಕಡಿಮೆಯಾದರೆ "ಬಲ್ಬ್ ಹೋಗಿದೆ" ಎಂದುಕೊಂಡು ವೇಗವಾಗಿ ಮಿಟುಕಿಸಿ ಡ್ರೈವರ್‌ಗೆ ತಿಳಿಸುತ್ತದೆ. ಅಮೆರಿಕದ ನಿಯಮದಂತೆ ಸಿಗ್ನಲ್ ನಿಮಿಷಕ್ಕೆ 60ರಿಂದ 120 ಸಲ ಮಿಟುಕಬೇಕು.

ಎಲ್‌ಇಡಿಗೂ ನಮ್ಮ ರಾಜ್ಯಕ್ಕೂ ಹಳೆಯ ನಂಟಿದೆ. 1962ರಲ್ಲಿ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿ ಮಾಡಿ ತೋರಿಸಿದ ನಿಕ್ ಹೊಲೊನ್ಯಾಕ್ ಹುಟ್ಟಿದ್ದು ಇಲಿನಾಯ್‌ನ ಝೀಗ್ಲರ್ ಎಂಬ ಊರಿನಲ್ಲಿ. ಮರುವರ್ಷ ಅವರು ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಬಂದರು. 1972ರಲ್ಲಿ ಹಳದಿ ಎಲ್‌ಇಡಿ ಮಾಡಿದ ಜಾರ್ಜ್ ಕ್ರಾಫರ್ಡ್ ಅವರ ಶಿಷ್ಯರೇ!

ಹಾಕುವ ಕ್ರಮ

1. ಕಾರಿನ ಮ್ಯಾನುಯಲ್‌ನಲ್ಲಿ ಬಲ್ಬ್ ನಂಬರ್ ನೋಡಿ (1156, 3157, 7440 ಹೀಗೆ). ಅದೇ ನಂಬರಿನದ್ದನ್ನು ಜೋಡಿಯಾಗಿ ಕೊಳ್ಳಿ.

2. ಬಣ್ಣ ನೋಡಿ. ಮುಂದಿನ ಸಿಗ್ನಲ್ ಕಿತ್ತಳೆ ಹಳದಿಯೇ ಆಗಿರಬೇಕು. ಹಿಂದಿನದು ಇಲ್ಲಿ ಕೆಂಪೂ ಆಗಬಹುದು. ಗಾಜಿನ ಬಣ್ಣ ಯಾವುದೋ ಎಲ್‌ಇಡಿಯ ಬಣ್ಣವೂ ಅದೇ ಇರಲಿ. ಬಿಳಿ ಎಲ್‌ಇಡಿ ಹೆಚ್ಚು ಪ್ರಕಾಶ ಎಂದು ಹಳದಿ ಗಾಜಿನ ಹಿಂದೆ ಹಾಕಿದರೆ ಬೆಳಕು ಪೇಲವವಾಗಿ ಕಾಣುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ!

3. ಕಾರು ಆಫ್ ಮಾಡಿ, ಬಲ್ಬ್ ತಣ್ಣಗಾಗಲು ಬಿಡಿ. ಹೋಲ್ಡರನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಈಚೆ ಬರುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿ.

4. ಎಲ್ಲ ಮುಚ್ಚುವ ಮೊದಲೇ ಪರೀಕ್ಷಿಸಿ. ಎಲ್‌ಇಡಿಗೆ ಪ್ಲಸ್, ಮೈನಸ್ ಇರುತ್ತದೆ. ಉರಿಯದಿದ್ದರೆ, ಚಪ್ಪಟೆ ಬುಡದ ಬಲ್ಬ್ ಆಗಿದ್ದಲ್ಲಿ, ತಿರುಗಿಸಿ ಹಾಕಿ ನೋಡಿ.

ಟಕಟಕ ನಿಲ್ಲಿಸುವುದು

ಪ್ರತ್ಯೇಕ ಫ್ಲ್ಯಾಶರ್ ರಿಲೇ ಇರುವ ಹಳೆಯ ಕಾರಾದರೆ, ಎಲ್‌ಇಡಿಗೆ ಹೊಂದುವ ರಿಲೇ ಹಾಕುವುದು ಸುಲಭ. ಹೊಸ ಕಾರುಗಳಲ್ಲಿ ಮಿಟುಕಿಸುವುದು ಕಂಪ್ಯೂಟರ್. ಅಲ್ಲಿ ಜನ ಪ್ರತಿ ಬಲ್ಬಿಗೂ ಅಡ್ಡಲಾಗಿ 6 ಓಮ್, 50 ವ್ಯಾಟಿನ ರೆಸಿಸ್ಟರ್ ಜೋಡಿಸುತ್ತಾರೆ. ಮಕ್ಕಳೇ, ಓಮ್ ನಿಯಮ ನೆನಪಿದೆಯೇ? 12 ವೋಲ್ಟ್ ಭಾಗಿಸು 6 ಓಮ್ ಅಂದರೆ 2 ಆಂಪ್. 12 ಗುಣಿಸು 2 ಅಂದರೆ 24 ವ್ಯಾಟ್. ಅಷ್ಟೂ ಶಾಖವೇ! ಹಜಾರ್ಡ್ ಲೈಟ್ ಹಾಕಿಟ್ಟರೆ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ. ಅದನ್ನು ಲೋಹಕ್ಕೆ ಸ್ಕ್ರೂ ಮಾಡಿ ಕೂರಿಸಬೇಕು. ಪ್ಲಾಸ್ಟಿಕ್, ವೈರುಗಳ ಹತ್ತಿರ ಬೇಡವೇ ಬೇಡ. ಈ ಕೆಲಸ ದೊಡ್ಡವರಿಲ್ಲದೆ ಮಾಡಬೇಡಿ. ಇನ್ನೊಂದು ಲೆಕ್ಕ: ಎಲ್‌ಇಡಿ ಉಳಿಸಿದ ಕರೆಂಟನ್ನು ರೆಸಿಸ್ಟರ್ ತಿಂದುಹಾಕಿತು. ಹಾಗಾಗಿ ಉಳಿತಾಯಕ್ಕಾಗಿ ಇದನ್ನು ಮಾಡುವುದರಲ್ಲಿ ಅರ್ಥವಿಲ್ಲ.

ಅಮ್ಮನ ಪ್ರಶ್ನೆ

ನಮ್ಮ ಮನೆಯ ಹಳೆಯ ಕಾರಿಗೆ ಅಪ್ಪ ಮತ್ತು ನಾನು ಹಿಂದಿನ ಎರಡು ಸಿಗ್ನಲ್‌ಗೆ ಎಲ್‌ಇಡಿ, ಜೊತೆಗೆ ಹೊಸ ರಿಲೇ ಹಾಕಿದೆವು. ಎಲ್ಲ ಸರಿಯಾಗಿ ಮಿಟುಕಿತು. ಆಗ ಅಮ್ಮ ಕೇಳಿದರು: "ಇನ್ನು ಮುಂದೆ ಬಲ್ಬ್ ಕೆಟ್ಟರೆ ನಿಂಗೆ ಹೇಗೆ ಗೊತ್ತಾಗತ್ತೆ ಕಣೋ?"

ನಿಜವಾದ ಪ್ರಶ್ನೆ ಅದೇ. ಹೊಸ ರಿಲೇ ಒಂದೇ ವೇಗದಲ್ಲಿ ಮಿಟುಕಿಸುತ್ತದೆ. ರೆಸಿಸ್ಟರ್ ಹಾಕಿದರೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಅಂದರೆ ಕಾರಿನ ಎಚ್ಚರಿಕೆಯ ಬಾಯಿಯನ್ನು ನಾವೇ ಮುಚ್ಚಿದ ಹಾಗೆ. ಒಳಗೆ ಟಿಕ್ ಟಿಕ್ ಕೇಳಿಸುತ್ತದೆ, ಹಿಂದೆ ಬರುವವರಿಗೆ ಏನೂ ಕಾಣಿಸದೇ ಇರಬಹುದು. 55ರಲ್ಲಿ ಲೇನ್ ಬದಲಿಸುವಾಗ ಹಾಗಾದರೆ?

ಇನ್ನೊಂದು ವಿಷಯ ಹಿಮ. ಎಲ್‌ಇಡಿ ಬೆಳಕಿನಲ್ಲಿ ಶಾಖ ಕಡಿಮೆ, ಹಿಮ ಕರಗುವುದಿಲ್ಲ. 2009ರಲ್ಲಿ ನಮ್ಮ ಪಕ್ಕದ ಆಸ್ವಿಗೊದಲ್ಲಿ ರಸ್ತೆಯ ಎಲ್‌ಇಡಿ ಸಿಗ್ನಲ್ ಹಿಮದಿಂದ ಮುಚ್ಚಿಹೋಗಿ, ಎದುರಿನಿಂದ ಬಂದ ವಾಹನ ನಿಲ್ಲದೆ ಗುದ್ದಿ ಒಬ್ಬ ಮಹಿಳೆ ತೀರಿಕೊಂಡರು. ಅದು ಕಂಬದ ದೀಪ, ಕಾರಿನದಲ್ಲ. ಕಾರಿನ ಸಿಗ್ನಲ್ ಕ್ಷಣಹೊತ್ತು ಮಾತ್ರ ಉರಿಯುವುದರಿಂದ ಹಳೆಯ ಬಲ್ಬ್ ಕೂಡ ಹೆಚ್ಚು ಹಿಮ ಕರಗಿಸುವುದಿಲ್ಲ. ಆದರೆ ಪಾಠ ಒಂದೇ: ಉರಿದರೆ ಸಾಲದು, ಕಾಣಬೇಕು. ಚಳಿಗಾಲದಲ್ಲಿ ಗಾಜು ಉಜ್ಜುವಾಗ ನಾಲ್ಕೂ ಮೂಲೆಯ ದೀಪ ಉಜ್ಜಿ.

ಹಾಗಾದರೆ ಹಾಕಬೇಕೇ?

ಹಳೆಯ ಬಲ್ಬ್ ಚೆನ್ನಾಗಿ ಉರಿಯುತ್ತಿದ್ದರೆ ಅವಸರವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ದೀಪದ ಒಳಗಿನ ಕನ್ನಡಿ ತಂತಿ ಬಲ್ಬಿಗೆಂದೇ ಮಾಡಿದ್ದು. ಎಲ್‌ಇಡಿ ನೇರಕ್ಕೆ ಫಳಫಳ ಹೊಳೆದರೂ ಪಕ್ಕದಿಂದ ಮಂಕಾಗಿರಬಹುದು. ಡಬ್ಬದ ಮೇಲೆ "ಡಿಒಟಿ ಅಪ್ರೂವ್ಡ್" ಎಂದಿದ್ದರೆ ನಂಬಿ ಕೂರಬೇಡಿ. ಸರ್ಕಾರ ಇಲ್ಲಿ ದೀಪಗಳನ್ನು ನೋಡಿ ಒಪ್ಪಿಗೆ ಕೊಡುವುದಿಲ್ಲ, ನಿಯಮಕ್ಕೆ ಸರಿಯಿದೆ ಎಂದು ಹೇಳುವವರು ತಯಾರಕರೇ. ಹಾಕಲೇಬೇಕೆಂದರೆ ಹಗಲು ಬಿಸಿಲಿನಲ್ಲಿ, ಹಿಂದೆ 100 ಅಡಿ ದೂರದಿಂದ ಮತ್ತು ಎರಡೂ ಪಕ್ಕದಿಂದ ನೋಡಿ. ಹಳೆಯದಕ್ಕಿಂತ ಮಂಕಾಗಿದ್ದರೆ ಹಳೆಯದನ್ನೇ ವಾಪಸ್ ಹಾಕಿ.

ನಮ್ಮ ಮನೆಯಲ್ಲಿ ಈಗ ಒಂದು ನಿಯಮ ಇದೆ: ಪ್ರತಿ ತಿಂಗಳ ಮೊದಲ ಶನಿವಾರ ನಾನು ಹಜಾರ್ಡ್ ಒತ್ತುತ್ತೇನೆ, ತಮ್ಮ ಕಾರಿನ ಸುತ್ತ ನಡೆದು "ಒಂದು, ಎರಡು, ಮೂರು, ನಾಲ್ಕು" ಎಂದು ಕನ್ನಡದಲ್ಲೇ ದೀಪ ಎಣಿಸುತ್ತಾನೆ.

ಚಿಣ್ಣರಿಗೆ ಈ ತಿಂಗಳ ಕೆಲಸ: ಡ್ರೈವ್‌ವೇಯಲ್ಲಿ ಕಾರು ನಿಂತಿರುವಾಗ ಸಿಗ್ನಲ್ ನಿಮಿಷಕ್ಕೆ ಎಷ್ಟು ಸಲ ಮಿಟುಕುತ್ತದೆ ಎಂದು ಅಪ್ಪ ಅಮ್ಮನ ಜೊತೆ ನಿಂತು ಎಣಿಸಿ. 60ರಿಂದ 120ರ ಒಳಗೆ ಬಂತೇ? ಮುಂದಿನ ಭಾನುವಾರ ತರಗತಿಯಲ್ಲಿ ಹೇಳಿ!