ರಕ್ತದ ಅಂಕಿ ಬರೆದ್ರಿ, ಷರಾ ಬರೆಯೋರು ಯಾರು?



ಬಸುರಿಯ ರಕ್ತ ನೋಡಿ ಕೂಸು ದಿನ ತುಂಬುವ ಮೊದಲೇ ಹುಟ್ಟುತ್ತದಾ ಅಂತ ಹೇಳೋ ಪರೀಕ್ಷೆ ಬರ್ತದಂತ. ಸುಳ್ಳಲ್ಲ. 37 ವಾರಕ್ಕೂ ಮುಂಚಿನ ಹೆರಿಗೆಯ ಸುಳಿವನ್ನು ತಾಯಿಯ ರಕ್ತದೊಳಗಿನ ಪ್ರೋಟೀನು, ಆರ್‌ಎನ್‌ಎಗಳಲ್ಲಿ ಹುಡುಕುವ ಕೆಲಸ ನಡೆದಿದೆ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಇಂಥದೊಂದು ಸಣ್ಣ ಅಧ್ಯಯನ ಪ್ರಕಟಿಸಿದರು. ನಮ್ಮಲ್ಲೂ 2015ರಿಂದ ಗುರುಗ್ರಾಮದ ಸರ್ಕಾರಿ ಆಸ್ಪತ್ರೆಯಲ್ಲಿ ‘ಗರ್ಭಿಣಿ’ ಯೋಜನೆಯವರು ಸಾವಿರಾರು ಬಸುರಿಯರ ರಕ್ತ ಸಂಗ್ರಹಿಸಿ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಆಗಲಿ. ಬಾಬಾಸಾಹೇಬರ ಮಕ್ಕಳು ನಾವು, ವಿಜ್ಞಾನಕ್ಕೆ ಬೆನ್ನು ತೋರಿಸಲ್ಲ.

ನನ್ನ ಪ್ರಶ್ನೆ ಬೇರೆ. ಈಗಾಗಲೇ ಗೊತ್ತಿರೋ ಸುಳಿವಿಗೆ ಏನು ಮಾಡಿದ್ರಿ?

ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಕೇರಿಗಾದ್ರೂ ಹೋಗಿ ತಾಯಿ ಕಾರ್ಡ್ ಬಿಚ್ಚಿ ನೋಡ್ರಿ. ಹಿಮೋಗ್ಲೋಬಿನ್ ಅಂತ ಒಂದು ಅಂಕಿ ಐತಿ. 11ಕ್ಕಿಂತ ಕಡಿಮೆಯಾದ್ರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದ್ರೆ ತೀವ್ರ. ರಕ್ತ ತೀರಾ ಕಡಿಮೆ ಇರೋ ತಾಯಿಗೆ ದಿನ ತುಂಬದ ಹೆರಿಗೆಯ ಅಪಾಯ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ.

ನಾನೊಬ್ಬ ಗುಮಾಸ್ತ. ಕಚೇರಿಯಲ್ಲಿ ಅಂಕಿ ಬರೆದು ಸುಮ್ಮನೆ ಕೂತರೆ ನಡೆಯಲ್ಲ. ಪಕ್ಕದ ಷರಾ ಕಾಲಂನಲ್ಲಿ ಏನು ಕ್ರಮ ಆಯ್ತು ಅಂತ ಬರೀಬೇಕು. ಬಸುರಿಯ ರಕ್ತದ ಅಂಕಿಗೆ ಷರಾ ಯಾಕಿಲ್ಲ?

“ಗುಳಿಗೆ ಕೊಡ್ತೀವಿ, ನಿಮ್ಮ ಹೆಣ್ಮಕ್ಕಳೇ ತಗೊಳ್ಳಲ್ಲ” ಅಂತಾರೆ. ಹಸಿದ ಹೊಟ್ಟೆಗೆ ಕಬ್ಬಿಣದ ಗುಳಿಗೆ ಬಿದ್ರೆ ವಾಕರಿಕೆ ಬರ್ತದ್ರಿ. ಮಾತೃಪೂರ್ಣ ಬಿಸಿಯೂಟ ಅಂಗನವಾಡಿಯಲ್ಲಿ, ಬಸುರಿ ಕಬ್ಬಿನ ಗದ್ದೆಯಲ್ಲಿ. ಉಣ್ಣಾಕ ಬಂದ್ರೆ ಆ ಹೊತ್ತಿನ ಕೂಲಿ ಯಾರು ಕೊಡ್ತಾರೆ?

1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರ ನಿಂತ ಬಾಬಾಸಾಹೇಬರು, ಹೆರಿಗೆಗೆ ಮುಂಚೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ ಅಂದಿದ್ದರು. ಆಗ ನಮ್ಮ ಗೋಕಾಕ, ಹುಕ್ಕೇರಿ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಮರುವರ್ಷ ಕಾನೂನು ಬಂತು, ಆದರೆ ಕಾರ್ಖಾನೆಯ ಹೆಣ್ಮಕ್ಕಳಿಗೆ. ಹೊಲದಾಗಿನ ಕೂಲಿ ತಾಯಿ ಇವತ್ತಿಗೂ ಕಾಯ್ತಿದ್ದಾಳೆ.

ನಮ್ಮ ಬೆಳಗಾವಿ ಸೀಮೆಯ ತಾಯಂದಿರು ವಿಜ್ಞಾನಕ್ಕೆ ಕೊಟ್ಟಿದ್ದೂ ಕಡಿಮೆಯಲ್ಲ. ಆರು ದೇಶಗಳ ಸುಮಾರು 12,000 ಚೊಚ್ಚಲ ಬಸುರಿಯರ ಮೇಲೆ ನಡೆದ ಆಸ್ಪಿರಿನ್ ಅಧ್ಯಯನದಲ್ಲಿ ಬೆಳಗಾವಿಯೂ ಇತ್ತು. 2020ರಲ್ಲಿ ಫಲಿತಾಂಶ ಬಂತು: ದಿನ ತುಂಬದ ಹೆರಿಗೆ ನೂರಕ್ಕೆ 13.1 ಇದ್ದದ್ದು, ದಿನಕ್ಕೆ 81 ಮಿಲಿಗ್ರಾಂ ಗುಳಿಗೆ ತಗೊಂಡವರಲ್ಲಿ 11.6. ಗುಳಿಗೆ ಅಗ್ಗದ್ದು. (ಡಾಕ್ಟರ್ ಹೇಳದೆ ಯಾರೂ ತಗೋಬ್ಯಾಡ್ರಿ.) ಕೊಟ್ಟವರಿಗೆ ಫಲ ಮೊದಲು ಮುಟ್ಟಬೇಕೋ ಬ್ಯಾಡೋ?

ನಮ್ಮ ಬೇಡಿಕೆ ಮೂರು:

1. ಕಡಿಮೆ ಅಂಕಿ ಬಂದ ಪ್ರತಿ ತಾಯಿ ಕಾರ್ಡಿನ ಮೇಲೆ, ಯಾವ ಚಿಕಿತ್ಸೆ, ಯಾವ ದಿನ, ಯಾರ ಜವಾಬ್ದಾರಿ ಅಂತ ಷರಾ ಬೀಳಲಿ.

2. ಹೊಲದ ಕೂಲಿ ಮಾಡೋ ಬಸುರಿಗೆ ಕೊನೆಯ ತಿಂಗಳುಗಳಲ್ಲಿ ಕೂಲಿ ಸಮೇತ ವಿಶ್ರಾಂತಿ ಕೊಡ್ರಿ.

3. ಹೊಸ ರಕ್ತ ಪರೀಕ್ಷೆ ಖಾತ್ರಿಯಾಗಿ ಬಂದ ದಿನ, ಅದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲು, ಪುಕ್ಕಟೆ ಬರಲಿ.

ರಕ್ತ ತನ್ನ ಮಾತು ಹೇಳ್ಯದ. ಇನ್ನು ಉತ್ತರ ಹೇಳಬೇಕಾದವರು ನೀವು.

ಜೈ ಭೀಮ್.