ಪಠ್ಯಪುಸ್ತಕದ ಹೆಗಲಿಗೆ ಹೆತ್ತವರ ಹೊಣೆ

ಮೂರು-ನಾಲ್ಕು ವರ್ಷದ ಮಗುವನ್ನು ನರ್ಸರಿಗೆ ಕಳುಹಿಸದೆ ಮನೆಯಲ್ಲೇ ಕಲಿಸಲು ನಿರ್ಧರಿಸುವ ಮುಸ್ಲಿಮ್ ದಂಪತಿ ಬೆಂಗಳೂರಿನ ಸಾರಕ್ಕಿಯಲ್ಲಿರಲಿ, ಮಂಗಳೂರಿನಲ್ಲಿರಲಿ, ಅವರಿಗೆ ಎದುರಾಗುವ ಮೊದಲ ಆಕ್ಷೇಪ ಒಂದೇ: "ನೀವು ಆರಿಸಿಕೊಂಡ ಪಠ್ಯಕ್ರಮ ಇಸ್ಲಾಮಿಯೇ?" ಅಲ್ಲವೆಂದರೆ ಬಂಧುಗಳ ಹುಬ್ಬು ಗಂಟಿಕ್ಕುತ್ತದೆ. ಧರ್ಮನಿರಪೇಕ್ಷ ಪಠ್ಯವನ್ನು ಆರಿಸುವುದೆಂದರೆ ಮಗುವಿನ ಈಮಾನಿನ ಬೇರಿಗೆ ಕೊಡಲಿ ಹಾಕಿದಂತೆ ಎಂಬ ಎಚ್ಚರಿಕೆ ಕೇಳಿಬರುತ್ತದೆ. ಈ ಎಚ್ಚರಿಕೆಯ ಹಿಂದಿರುವ ಕಳಕಳಿ ಪ್ರಾಮಾಣಿಕವಾದುದು. ಆದರೆ ಅದರ ತರ್ಕ ತಪ್ಪು. ಅದರ ಪರಿಣಾಮ ಅಪಾಯಕಾರಿ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿ ಆರರಿಂದ ಹದಿನಾಲ್ಕು ವರ್ಷದವರೆಗೆ. ಆರಕ್ಕೆ ಮೊದಲು ಮಗು ಶಾಲೆಯ ಬೆಂಚಿನಲ್ಲಿ ಕೂರಲೇಬೇಕೆಂಬ ನಿರ್ಬಂಧ ಅದರಲ್ಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ಅವಧಿಯನ್ನು ಬುನಾದಿ ಹಂತವೆಂದು ಕರೆದು, ಆಟ, ಕಥೆ, ಹಾಡು, ಸಂಭಾಷಣೆಗಳ ಮೂಲಕ ಕಲಿಸುವಂತೆ ಹೇಳಿದೆ. ಅಂದರೆ ಈ ವಯಸ್ಸಿನ ಪಠ್ಯಕ್ರಮದಲ್ಲಿ ಇರುವುದೇನು? ಎಣಿಕೆ, ಬಣ್ಣ, ಆಕಾರ, ದೊಡ್ಡದು-ಚಿಕ್ಕದು, ಎಲೆ, ಹಕ್ಕಿ, ಕಥೆ, ಬೆರಳಿಗೆ ಕೆಲಸ. ಇದರಲ್ಲಿ ಈಮಾನಿಗೆ ಎದುರಾದುದು ಯಾವುದು? ಮೂರಕ್ಕೆ ಎರಡು ಸೇರಿದರೆ ವಿಶ್ವಾಸಿಗೂ ಐದೇ, ಅವಿಶ್ವಾಸಿಗೂ ಐದೇ.

ಬದ್ರ್ ಯುದ್ಧದ ಬಳಿಕ ನಡೆದುದನ್ನು ನಾವೇಕೆ ಮರೆತೆವು? ಹಿಜರಿ 2ನೇ ವರ್ಷ, ಅಂದರೆ ಕ್ರಿ.ಶ. 624ರಲ್ಲಿ ಸೆರೆ ಸಿಕ್ಕ ಕುರೈಶರ ಪೈಕಿ ಪರಿಹಾರಧನ ಕೊಡಲಾಗದ, ಆದರೆ ಅಕ್ಷರ ಬಲ್ಲವರಿಗೆ ಪ್ರವಾದಿ ಮುಹಮ್ಮದ್(ಸ)ರು ವಿಧಿಸಿದ ಷರತ್ತು ಮದೀನದ ಮಕ್ಕಳಿಗೆ ಬರವಣಿಗೆ ಕಲಿಸುವುದಾಗಿತ್ತು. ಆ ಗುರುಗಳು ಯಾರು? ಕೆಲವೇ ದಿನಗಳ ಹಿಂದೆ ಇಸ್ಲಾಮಿನ ವಿರುದ್ಧ ಖಡ್ಗ ಹಿರಿದು ನಿಂತಿದ್ದ ಬಹುದೇವಾರಾಧಕರು. ಅವರಿಂದ ಅಕ್ಷರ ಕಲಿತರೆ ಮಕ್ಕಳ ಈಮಾನ್ ಕರಗಿಹೋಗುವುದೆಂದು ಪ್ರವಾದಿ(ಸ)ರು ಭಾವಿಸಲಿಲ್ಲ. ಏಕೆಂದರೆ ಪಾಠ ಮುಗಿಸಿ ಆ ಮಕ್ಕಳು ಮರಳುತ್ತಿದ್ದುದು ಇಸ್ಲಾಮ್ ಉಸಿರಾಡುತ್ತಿದ್ದ ಮನೆಗಳಿಗೆ.

1377ರಲ್ಲಿ ಮುಕದ್ದಿಮ ಬರೆದ ಇಬ್ನು ಖಲ್ದೂನ್(ರ)ರು ಮಕ್ಕಳ ಶಿಕ್ಷಣದ ಬಗೆಗಳನ್ನು ಚರ್ಚಿಸುತ್ತಾ, ಮೊದಲು ಭಾಷೆ ಮತ್ತು ಕಾವ್ಯ, ಬಳಿಕ ಲೆಕ್ಕ, ಅನಂತರ ಕುರ್‌ಆನ್ ಕಲಿಸಬೇಕೆಂಬ ಖಾಝಿ ಅಬೂಬಕರ್ ಇಬ್ನುಲ್ ಅರಬಿ(ರ)ಯವರ ಸಲಹೆಯನ್ನು ಉಲ್ಲೇಖಿಸುತ್ತಾರೆ. ಕ್ರಮ ಉತ್ತಮವೇ, ಆದರೆ ರೂಢಿ ಅದಕ್ಕೆ ಒಪ್ಪದು ಎಂಬುದು ಅವರ ಅಭಿಪ್ರಾಯ. ನಾವು ಆ ಕ್ರಮವನ್ನೇ ಅನುಸರಿಸಬೇಕೆಂದಿಲ್ಲ. ಮನೆಯಲ್ಲಿ ಕುರ್‌ಆನಿನ ಪಾಠ ಮೊದಲಿನಿಂದಲೂ ಇರಲಿ. ಅದಕ್ಕೆ ಅದರದೇ ಹೊತ್ತು, ಅದರದೇ ಅದಬ್ ಇದೆ. ಆದರೆ ಇಂತಹ ಪ್ರಶ್ನೆಯನ್ನು ಧರ್ಮಭ್ರಷ್ಟತೆಯ ಭಯವಿಲ್ಲದೆ ಚರ್ಚಿಸುವ ಧೈರ್ಯ ನಮ್ಮ ಪೂರ್ವಿಕರಿಗಿತ್ತು ಎಂಬುದನ್ನಾದರೂ ಒಪ್ಪಿಕೊಳ್ಳೋಣ.

ನಿಜವಾದ ಅಪಾಯ ಬೇರೆಡೆಯಿದೆ. 'ಇಸ್ಲಾಮಿ' ಎಂಬ ಮುದ್ರೆಯೊತ್ತಿದ ದುಬಾರಿ ಪೆಟ್ಟಿಗೆಯೊಂದು ಮನೆಗೆ ಬಂದೊಡನೆ ಮಗುವಿನ ತರ್ಬಿಯತ್ ಮುಗಿಯಿತೆಂದು ನಿಟ್ಟುಸಿರು ಬಿಡುವವರಿದ್ದಾರೆ. ಮಾವಿನ ಚಿತ್ರ ತೆಗೆದು ಮಸೀದಿಯ ಚಿತ್ರ ಅಂಟಿಸಿದ ಮಾತ್ರಕ್ಕೆ 'ಮ' ಅಕ್ಷರ ಇಸ್ಲಾಮಿಯಾಗುವುದೇ? ಮಾವನ್ನು ಸೃಷ್ಟಿಸಿದವನು ಅಲ್ಲಾಹನಲ್ಲದೆ ಬೇರೆ ಯಾರು? ಮಗ್ರಿಬ್‌ನ ಅಝಾನ್ ಮೊಳಗಿದರೂ ಮೊಬೈಲ್ ಕೆಳಗಿಡದ ತಂದೆ, ಮಗುವಿನ ಪುಸ್ತಕ ಇಸ್ಲಾಮಿಯೇ ಎಂದು ವಿಚಾರಿಸುವುದು ಎಂತಹ ವಿಪರ್ಯಾಸ!

ಪ್ರತಿಯೊಂದು ಮಗುವೂ ಶುದ್ಧ ಪ್ರಕೃತಿಯಲ್ಲಿ ಹುಟ್ಟುತ್ತದೆ, ಹೆತ್ತವರು ಅದನ್ನು ಬೇರೆ ದಾರಿಗೆ ತಿರುಗಿಸುತ್ತಾರೆ ಎಂಬ ಆಶಯದ ಪ್ರಸಿದ್ಧ ಹದೀಸನ್ನು ನಾವೆಲ್ಲರೂ ಕೇಳಿದ್ದೇವೆ. ಅಲ್ಲಿ ಹೊಣೆ ಹೊತ್ತವರು ಹೆತ್ತವರು, ಪುಸ್ತಕವಲ್ಲ. ಬಾಲಕ ಉಮರ್ ಬಿನ್ ಅಬೀ ಸಲಮ(ರ)ರಿಗೆ ಬಿಸ್ಮಿ ಹೇಳಿ, ಬಲಗೈಯಿಂದ, ತನ್ನ ಮುಂದಿರುವುದನ್ನು ತಿನ್ನಬೇಕೆಂದು ಪ್ರವಾದಿ(ಸ)ರು ಕಲಿಸಿದ್ದು ಊಟದ ತಟ್ಟೆಯ ಮುಂದೆ. ಪುಟ್ಟ ಹಕ್ಕಿಯೊಂದನ್ನು ಕಳೆದುಕೊಂಡ ಅಬೂ ಉಮೈರ್ ಎಂಬ ಮಗುವಿನೊಂದಿಗೆ ಅದೇ ಹಕ್ಕಿಯ ಬಗ್ಗೆ ಅವರು ಅಕ್ಕರೆಯಿಂದ ಮಾತಾಡಿದರು. ನಮಾಝಿನ ಆದೇಶ ಕೊಡಲು ಹೇಳಿದ್ದು ಏಳನೆಯ ವಯಸ್ಸಿಗೆ. ಅದಕ್ಕೆ ಮುನ್ನ ಮಗು ಕಲಿಯುವುದು ಹೆತ್ತವರ ನಮಾಝನ್ನು ನೋಡಿ.

ಹಾಗಾದರೆ ಧರ್ಮನಿರಪೇಕ್ಷ ಎನಿಸಿಕೊಂಡದ್ದನ್ನೆಲ್ಲ ಕಣ್ಣುಮುಚ್ಚಿ ಸ್ವೀಕರಿಸಬೇಕೇ? ಖಂಡಿತ ಇಲ್ಲ. ಧರ್ಮದ ಬಗ್ಗೆ ಮೌನವಾಗಿರುವ ಪಠ್ಯ ಬೇರೆ, ಧರ್ಮವನ್ನು ಗೇಲಿ ಮಾಡುವ ಪಠ್ಯ ಬೇರೆ. ಸರಕಾರದ್ದೆಂಬ ಕಾರಣಕ್ಕೆ ಪಠ್ಯ ತಾನಾಗಿ ತಟಸ್ಥವೂ ಆಗುವುದಿಲ್ಲ. ಬುನಾದಿ ಹಂತಕ್ಕಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಬೆಳವಣಿಗೆಯನ್ನು ವಿವರಿಸಲು ಉಪನಿಷತ್ತಿನ ಪಂಚಕೋಶ ಕಲ್ಪನೆಯನ್ನೂ ಬಳಸಿಕೊಂಡಿದೆ. ಆದ್ದರಿಂದ ಹೆತ್ತವರು ಕೊಳ್ಳುವ ಮುನ್ನ ಓದಬೇಕು. ಆರಾಧನೆಗೆ ಸಂಬಂಧಿಸಿದುದನ್ನು ಬಿಟ್ಟು ಉಳಿದುದನ್ನು ಪಡೆಯಬೇಕು. ನೆರೆಯವನನ್ನು ಕೀಳಾಗಿ ಕಾಣಲು ಕಲಿಸುವ ಪುಸ್ತಕ 'ಇಸ್ಲಾಮಿ' ಹೆಸರಿನಲ್ಲಿ ಬಂದರೂ ಇದೇ ಅಳತೆಗೋಲಿನಿಂದ ತಿರಸ್ಕರಿಸಬೇಕು.

ಇನ್ನೊಂದು ಮಾತು ಭಾಷೆಯದು. ಮನೆಯಲ್ಲಿ ದಖ್ಖನಿ, ಬ್ಯಾರಿ ಅಥವಾ ಕನ್ನಡ ಕೇಳಿ ಬೆಳೆಯುವ ಮಗುವಿಗೆ ಹಿಮಮಾನವನ ಚಿತ್ರವಿರುವ ವಿದೇಶಿ ಹಾಳೆಗಳೇಕೆ? ಅಂಗನವಾಡಿಗಳಿಗಾಗಿ ಕನ್ನಡದಲ್ಲಿ ರೂಪುಗೊಂಡ 'ಚಿಲಿಪಿಲಿ' ಇದೆ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ದೊರೆಯುತ್ತವೆ. ಸಾರಕ್ಕಿಯ ಮಾರುಕಟ್ಟೆಯಲ್ಲಿ ಎಣಿಸಲು ಸೊಪ್ಪಿನ ಕಟ್ಟುಗಳಿವೆ. 2015ರ ಏಪ್ರಿಲ್‌ನಲ್ಲಿ ಒತ್ತುವರಿ ತೆರವಾದ ಸಾರಕ್ಕಿ ಕೆರೆಯೂ ಹತ್ತಿರದಲ್ಲಿದೆ. ಒಂಟೆಯನ್ನು, ಆಕಾಶವನ್ನು, ಪರ್ವತವನ್ನು, ಭೂಮಿಯನ್ನು ನೋಡಿರೆಂದು ಪವಿತ್ರ ಕುರ್‌ಆನಿನ ಅಲ್ ಗಾಶಿಯ ಅಧ್ಯಾಯ ಕರೆಯುತ್ತದೆ. ಇಲ್ಲಿಯ ಮಗುವಿಗೆ ಒಂಟೆಯ ಬದಲು ರೆಕ್ಕೆ ಒಣಗಿಸುತ್ತಾ ಕುಳಿತ ನೀರುಕಾಗೆ ಸಾಕು. ಅದರ ಹೆಸರು ಹೇಳಿಕೊಡುವುದು ಪಠ್ಯಕ್ರಮದ ಕೆಲಸ. ಅದನ್ನು ತೋರಿಸಿ ಸುಬ್‌ಹಾನಲ್ಲಾಹ್ ಎನ್ನುವುದು ಹೆತ್ತವರ ಕೆಲಸ. ಎರಡನೆಯದನ್ನು ಯಾವ ಪ್ರಕಾಶಕನೂ ಮಾರಲಾರ. ಅದು ತಾಯಿಯೊಬ್ಬಳ ಹೊಣೆಯೂ ಅಲ್ಲ.

ಆದ್ದರಿಂದ ಪಠ್ಯಕ್ರಮ ಇಸ್ಲಾಮಿಯೇ ಎಂದು ಕೇಳುವ ಮೊದಲು ನಮ್ಮ ಮನೆ ಇಸ್ಲಾಮಿಯೇ ಎಂದು ಕೇಳಿಕೊಳ್ಳೋಣ. ಅಲ್ಲಿ ಸತ್ಯ ನುಡಿಯಲಾಗುತ್ತಿದೆಯೇ? ಕೆಲಸದವಳೊಂದಿಗೆ ಸೌಜನ್ಯದಿಂದ ವರ್ತಿಸಲಾಗುತ್ತಿದೆಯೇ? ಮಗುವಿನ ಪ್ರಶ್ನೆಗೆ ಉತ್ತರಿಸಲು ಯಾರಿಗಾದರೂ ಬಿಡುವಿದೆಯೇ? ನೀವೆಲ್ಲರೂ ಮೇಲ್ವಿಚಾರಕರು, ನಿಮ್ಮ ಅಧೀನದಲ್ಲಿರುವವರ ಕುರಿತು ನಿಮ್ಮೊಡನೆ ವಿಚಾರಿಸಲಾಗುವುದು ಎಂಬುದು ಪ್ರವಾದಿ(ಸ)ರ ಎಚ್ಚರಿಕೆ. ಆ ದಿನ ಪ್ರಶ್ನೆ ಎದುರಾಗುವುದು ಪುಸ್ತಕ ಮುದ್ರಿಸಿದವರಿಗಲ್ಲ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡವರಿಗೆ.