ಮೊದಲು ಕಾಲಂಗಳ ಪಟ್ಟಿ ಕೇಳಿ

ಕಾಲಂ ಅಂದರೇನು ಅಂತ ಪಹಣಿ ನೋಡಿದವರಿಗೆ ಹೇಳಿಕೊಡಬೇಕಿಲ್ಲ. 9ರಲ್ಲಿ ಮಾಲೀಕರ ಹೆಸರು, 11ರಲ್ಲಿ ಹಕ್ಕು ಮತ್ತು ಋಣ. ಸಾಲ ತೀರಿದ ಮೇಲೂ 11ರಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಹೋಗಿ ಕೇಳುತ್ತೇವೆ, ಯಾಕಂದರೆ ಅದು ಕಣ್ಣಿಗೆ ಕಾಣುತ್ತದೆ.

ಬೆಳೆ ಪರಿಹಾರ, ಪಿಂಚಣಿಯ ಕತೆ ಹಾಗಲ್ಲ. ನಮ್ಮ ವಿವರ ಇರುವುದು ಡೇಟಾಬೇಸಿನಲ್ಲಿ. ಅದನ್ನು ರಿಜಿಸ್ಟರುಗಳ ಬೀರು ಅಂದುಕೊಳ್ಳಿ. ಒಂದೊಂದು ರಿಜಿಸ್ಟರೂ ಒಂದು ಟೇಬಲ್, ಅದರೊಳಗೆ ಹತ್ತಾರು ಕಾಲಂ. ನಮಗೆ ಕಾಣುವುದು ಪರದೆ ಮೇಲಿನ ನಾಲ್ಕೈದು ಮಾತ್ರ. 'ಸಿಸ್ಟಂನಲ್ಲಿ ರಿಜೆಕ್ಟ್ ಆಗಿದೆ' ಅನ್ನುತ್ತಾರೆ. ಹೆಸರು ತಾಳೆಯಾಗಲಿಲ್ಲವೋ, ಖಾತೆಗೆ ಆಧಾರ್ ಜೋಡಣೆಯಾಗಿಲ್ಲವೋ, ಕಾರಣ ಕಾಣದ ಕಾಲಂನಲ್ಲಿ ಕೂತಿರಬಹುದು. ಅಂಥ ಕಾಲಂ ಇದೆ ಅಂತಲೇ ಗೊತ್ತಿಲ್ಲದವರು ಅದನ್ನು ತಿದ್ದಿಸುವುದು ಹೇಗೆ?

ಡೇಟಾಬೇಸ್ ತನ್ನ ಕಾಲಂಗಳ ಪಟ್ಟಿಯನ್ನು ತಾನೇ ಇಟ್ಟುಕೊಂಡಿರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಾದರೆ 'ಡಿಸ್ಕ್ರೈಬ್' ಅಂತ ಬರೆದು ಟೇಬಲ್ ಹೆಸರು ಕೊಟ್ಟರೆ ಸಾಕು. ಪ್ರತಿ ಕಾಲಂನ ಹೆಸರು, ಅದರಲ್ಲಿ ತುಂಬುವುದು ಅಂಕಿಯೋ ಅಕ್ಷರವೋ ದಿನಾಂಕವೋ, ಖಾಲಿ ಬಿಡಬಹುದೋ ಇಲ್ಲವೋ, ಎಲ್ಲ ಬರುತ್ತದೆ. ಚಹಾ ಕುಡಿಯುವಷ್ಟು ಹೊತ್ತೂ ಬೇಡ. ಹಾಗಾಗಿ 'ಪಟ್ಟಿ ಮಾಡಲು ಸಿಬ್ಬಂದಿ ಇಲ್ಲ' ಎಂಬ ಹಿಂಬರಹವನ್ನು ನಾನಂತೂ ಒಪ್ಪುವುದಿಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಬಿ) ಪ್ರಕಾರ ಎಲೆಕ್ಟ್ರಾನಿಕ್ ರೂಪದಲ್ಲಿರುವ ಮಾಹಿತಿಯ ವಿವರವನ್ನು ಕಚೇರಿಗಳೇ ಪ್ರಕಟಿಸಬೇಕು. ಕಾಲಂ ಪಟ್ಟಿಯೂ ಅದರಲ್ಲೇ ಬರಬೇಕೆಂಬುದು ನನ್ನ ವಾದ. ಅಲ್ಲಿಯವರೆಗೆ ಅರ್ಜಿ ಹಾಕೋಣ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಇಲ್ಲದ ಮಾಹಿತಿಯನ್ನು ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದ್ದರಿಂದ 'ನನಗೆ ಪರಿಹಾರ ಯಾಕೆ ಬಂದಿಲ್ಲ' ಅಂತ ಬರೆದರೆ ಜಾರಿಕೊಳ್ಳಲು ದಾರಿ ಸಿಗುತ್ತದೆ. ಮೊದಲ ಅರ್ಜಿಯಲ್ಲಿ 'ಈ ಯೋಜನೆಯ ತಂತ್ರಾಂಶದಲ್ಲಿ ಅರ್ಜಿದಾರರ ಬಗ್ಗೆ ದಾಖಲಾಗುವ ಎಲ್ಲ ಕಾಲಂಗಳ ಹೆಸರು, ಅದರಲ್ಲಿ ಬಳಸುವ ಕೋಡ್‌ಗಳ ಅರ್ಥ ಕೊಡಿ' ಅನ್ನಿ. ಎರಡನೆಯದರಲ್ಲಿ ಆ ಕಾಲಂಗಳಲ್ಲಿ ನಿಮ್ಮ ಹೆಸರಿನ ಮುಂದೆ ಏನಿದೆ ಅಂತ ಕೇಳಿ.

ಬೇರೆಯವರ ಖಾಸಗಿ ಮಾಹಿತಿ ಅಂತ ತಳ್ಳಿಹಾಕಲು ಬರುವುದಿಲ್ಲ. 'ಬ್ಯಾಂಕ್ ಖಾತೆ ಸಂಖ್ಯೆ' ಎಂಬ ತಲೆಬರಹ ಯಾರ ಗುಟ್ಟೂ ಅಲ್ಲ. ಭದ್ರತೆಯ ಮಾತು ಎತ್ತಿದರೆ ಟೇಬಲ್ಲಿನ ಒಳಹೆಸರು ಬೇಡ, ಏನೇನು ದಾಖಲಿಸುತ್ತೀರಿ ಅಷ್ಟು ಹೇಳಿ ಅನ್ನಿ. 'ಡೇಟಾ ನಮ್ಮಲ್ಲಿಲ್ಲ, ಬೆಂಗಳೂರಿನಲ್ಲಿದೆ' ಅಂದರೆ ಸೆಕ್ಷನ್ 6(3) ನೆನಪಿಸಿ: ಅರ್ಜಿಯನ್ನು 5 ದಿನದೊಳಗೆ ಅಲ್ಲಿಗೆ ವರ್ಗಾಯಿಸುವುದು ಅವರ ಕೆಲಸ.